ರವೆನ್ನಾ: ಐದು ಬಾಗಿಲಿಗೆ ಒಂದು ಟಿಕೆಟ್ಟು

ಇಟಲಿಯ ರವೆನ್ನಾ ಪಟ್ಟಣಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂಬ ಅನುಮಾನ ಇನ್ನೂ ಇದೆ. ಬೊಲೋನ್ಯಾದಿಂದ ಹೊರಟ ಒಂದು ಪ್ರವಾಸಿ ಬಸ್ಸಿನಲ್ಲಿ, ನಲವತ್ತು ಜನರ ಗುಂಪಿನೊಂದಿಗೆ, ಬೆಳಿಗ್ಗೆ ಹನ್ನೊಂದಕ್ಕೆ ಇಳಿದು ಮಧ್ಯಾಹ್ನ ಮೂರಕ್ಕೆ ಮತ್ತೆ ಬಸ್ಸು ಹತ್ತಿದ ಆ ಭೇಟಿಯಲ್ಲಿ ಒಂದು ಗಂಟೆ ಊಟಕ್ಕೆ ಹೋಯಿತು, ಅರ್ಧ ಗಂಟೆ ಗುಂಪಿನಿಂದ ತಪ್ಪಿಸಿಕೊಂಡ ದಂಪತಿಯನ್ನು ಹುಡುಕುವುದಕ್ಕೆ ಹೋಯಿತು. ಗಾಲ್ಲಾ ಪ್ಲಾಚಿದಿಯಾ ಸಮಾಧಿಮಂದಿರಕ್ಕೆ ಕಾಯ್ದಿರಿಸಿದ್ದ ವೇಳೆ ಅಷ್ಟರಲ್ಲಿ ಮೀರಿತ್ತು. ಗೈಡ್ ಅದನ್ನು ಹೊರಗಿನಿಂದಲೇ ತೋರಿಸಿ, ಒಳಗೆ ನಕ್ಷತ್ರಗಳಿವೆ ಎಂದು ಹೇಳಿ, ಎಲ್ಲರನ್ನೂ ಮುಂದಕ್ಕೆ ನಡೆಸಿದರು. ಹೊರಗಿನಿಂದ ಕಂಡದ್ದು ನಮ್ಮ ಕಡೆಯ ಹಳೆಯ ಪಂಪ್‌ಹೌಸಿನಷ್ಟು ಮಾತ್ರ ಅಲಂಕಾರವಿದ್ದ ಒಂದು ಗಿಡ್ಡ ಇಟ್ಟಿಗೆಯ ಕಟ್ಟಡ.

ಎರಡನೆಯ ಸಲ ಹೋದದ್ದು ಮೈಸೂರಿನಿಂದ ಬಂದಿದ್ದ ಅಮ್ಮನ ಜೊತೆಗೆ, ರೈಲಿನಲ್ಲಿ, ಎರಡು ರಾತ್ರಿ ಅಲ್ಲಿಯೇ ಉಳಿಯುವ ಏರ್ಪಾಡಿನೊಂದಿಗೆ. ಈ ವಿಮರ್ಶೆ ಆ ಎರಡನೆಯ ಭೇಟಿಯನ್ನು ಕುರಿತದ್ದು. ಮುಖ್ಯವಾಗಿ ಆ ಊರಿನ ಐದು ಪ್ರಾಚೀನ ಕಟ್ಟಡಗಳನ್ನು ಒಟ್ಟಿಗೆ ತೋರಿಸುವ ಸಂಯುಕ್ತ ಟಿಕೆಟ್ಟನ್ನು ಕುರಿತದ್ದು. ಟಿಕೆಟ್ಟು ಕೊಟ್ಟ ಹಣಕ್ಕೆ ಮೋಸವಿಲ್ಲದ್ದು. ಆದರೆ ಅದನ್ನು ಬಳಸುವ ಕ್ರಮದ ಮೇಲೆ ಎಲ್ಲವೂ ನಿಂತಿದೆ ಎನ್ನುವುದು ನನಗೆ ಸ್ವಾನುಭವದಿಂದ ಗೊತ್ತಾಗಿದೆ.

ಮೊದಲು ಊರಿನ ಬಗ್ಗೆ ನಾಲ್ಕು ಮಾತು. ಕ್ರಿ.ಶ. 402ರಲ್ಲಿ ಚಕ್ರವರ್ತಿ ಹೊನೊರಿಯಸ್ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿಯನ್ನು ಇಲ್ಲಿಗೆ ತಂದ. ಸುತ್ತ ಜೌಗು ನೆಲ, ಪಕ್ಕದಲ್ಲಿ ಬಂದರು. ಉತ್ತರದಿಂದ ಬರುವ ದಂಡುಗಳಿಗೆ ಸುಲಭವಾಗಿ ಸಿಗದ ಜಾಗ ಎಂಬುದು ಕಾರಣ. 476ರಲ್ಲಿ ಕೊನೆಯ ಪಶ್ಚಿಮ ಚಕ್ರವರ್ತಿಯನ್ನು ಓಡೊಆಸರ್ ಎಂಬ ಸೇನಾನಿ ಇಳಿಸಿದ. 493ರಲ್ಲಿ ಓಡೊಆಸರನನ್ನು ಕೊಂದು ಆಸ್ಟ್ರೊಗಾಥರೆಂಬ ಜರ್ಮಾನಿಕ್ ಜನಾಂಗದ ದೊರೆ ಥಿಯೊಡೊರಿಕ್ ಆಳತೊಡಗಿದ. 540ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಪೂರ್ವ ರೋಮನ್ (ಬೈಜಾಂಟಿಯಂ) ಚಕ್ರವರ್ತಿ ಜಸ್ಟಿನಿಯನ್‌ನ ಸೈನ್ಯ ಊರನ್ನು ಹಿಡಿಯಿತು. ಹೀಗೆ ನೂರೈವತ್ತು ವರ್ಷಗಳಲ್ಲಿ ಮೂರು ಬಗೆಯ ಆಳ್ವಿಕೆ ಕಂಡ ಊರು ಇದು. ಪ್ರತಿಯೊಬ್ಬರೂ ತಮ್ಮ ನಂಬಿಕೆಯನ್ನು ಗೋಡೆಗಳ ಮೇಲೆ ಬಣ್ಣದ ಗಾಜಿನ ಚೂರುಗಳಲ್ಲಿ, ಅಂದರೆ ಮೊಸಾಯಿಕ್ ಕೆಲಸದಲ್ಲಿ, ಕೂಡಿಸಿಟ್ಟರು. ಆಮೇಲೆ ಕಡಲು ದೂರ ಸರಿಯಿತು, ರಾಜಕಾರಣವೂ ದೂರ ಸರಿಯಿತು. ದೊಡ್ಡದಾಗಿ ಕೆಡವಿ ಕಟ್ಟುವಷ್ಟು ಹಣ ಈ ಊರಿಗೆ ಮತ್ತೆ ಬರಲಿಲ್ಲವಾದ್ದರಿಂದ ಹಳೆಯದು ಉಳಿಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಒಂದನೆಯ ಪುಲಕೇಶಿ ಬಾದಾಮಿಯ ಕೋಟೆ ಕಟ್ಟಿಸಿದ್ದು 543ರಲ್ಲಿ, ಇಲ್ಲಿನ ಸಾನ್ ವಿತಾಲೆ ಚರ್ಚಿನ ಪ್ರತಿಷ್ಠೆ 547ರಲ್ಲಿ. ಬಾದಾಮಿಯ ಬಂಡೆಯನ್ನು ನೋಡಿ ಬೆಳೆದ ಕಣ್ಣಿಗೆ ಈ ಕಾಲದ ಅಂದಾಜು ಬೇಗ ಸಿಗುತ್ತದೆ.

ಯುನೆಸ್ಕೋ 1996ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಕಟ್ಟಡಗಳು ಇಲ್ಲಿ ಎಂಟು. ಅವುಗಳಲ್ಲಿ ಐದು ಚರ್ಚಿನ ಆಡಳಿತಕ್ಕೆ ಸೇರಿದ್ದು, ಆ ಐದಕ್ಕೂ ಒಂದೇ ಟಿಕೆಟ್ಟು: ಸಾನ್ ವಿತಾಲೆ, ಗಾಲ್ಲಾ ಪ್ಲಾಚಿದಿಯಾ ಸಮಾಧಿ, ಸಾಂತ್ ಅಪೊಲ್ಲಿನಾರೆ ನುವೊವೊ, ನಿಯೊನಿಯನ್ ದೀಕ್ಷಾಗೃಹ (ಕ್ರೈಸ್ತರಿಗೆ ಸ್ನಾನದೀಕ್ಷೆ ಕೊಡುತ್ತಿದ್ದ ಕಟ್ಟಡ), ಆರ್ಚ್‌ಬಿಷಪ್ಪರ ವಸ್ತುಸಂಗ್ರಹಾಲಯ ಮತ್ತು ಅದರೊಳಗಿನ ಸಂತ ಆಂಡ್ರ್ಯೂನ ಪುಟ್ಟ ಪ್ರಾರ್ಥನಾ ಮಂದಿರ. ಉಳಿದ ಮೂರು, ಅಂದರೆ ಏರಿಯನ್ ದೀಕ್ಷಾಗೃಹ, ಥಿಯೊಡೊರಿಕ್‌ನ ಸಮಾಧಿ ಮತ್ತು ಊರ ಹೊರಗಿನ ಕ್ಲಾಸ್ಸೆಯ ಚರ್ಚು, ಸರ್ಕಾರದ ಸುಪರ್ದಿನಲ್ಲಿವೆ. ಅವುಗಳಿಗೆ ಬೇರೆಯೇ ವ್ಯವಸ್ಥೆ. ಈ ವ್ಯತ್ಯಾಸ ಮೊದಲೇ ಗೊತ್ತಿಲ್ಲದವರು ಐದು ಬಾಗಿಲಿನ ಟಿಕೆಟ್ಟನ್ನು ಆರನೆಯ ಬಾಗಿಲಲ್ಲಿ ಹಿಡಿದು ನಿಲ್ಲುವುದನ್ನು ನಾನೇ ಕಂಡಿದ್ದೇನೆ.

ಸಂಯುಕ್ತ ಟಿಕೆಟ್ಟನ್ನು ಒಂದೇ ದಿನದಲ್ಲಿ ಮುಗಿಸಬೇಕೆಂಬ ಕಟ್ಟಳೆ ಇಲ್ಲ, ಹಲವು ದಿನ ನಡೆಯುತ್ತದೆ. ಆದರೆ ಪ್ರತಿಯೊಂದು ತಾಣಕ್ಕೂ ಪ್ರವೇಶ ಒಮ್ಮೆ ಮಾತ್ರ. ಗಾಲ್ಲಾ ಪ್ಲಾಚಿದಿಯಾ ಮತ್ತು ನಿಯೊನಿಯನ್ ದೀಕ್ಷಾಗೃಹ, ಈ ಎರಡಕ್ಕೆ ಮಾತ್ರ ಬುಕ್ ಮಾಡುವಾಗಲೇ ವೇಳೆಯನ್ನು ಆರಿಸಿಕೊಳ್ಳಬೇಕು. ಎರಡೂ ಚಿಕ್ಕ ಕಟ್ಟಡಗಳು. ಜನರ ಉಸಿರಿನ ತೇವ ಗೋಡೆಗೆ ಒಳ್ಳೆಯದಲ್ಲವಾದ್ದರಿಂದ ಒಮ್ಮೆಗೆ ಕೆಲವೇ ಮಂದಿಯನ್ನು ಬಿಡುತ್ತಾರೆ, ಐದು ನಿಮಿಷವಾಗುತ್ತಲೇ ಹೊರಡಿಸುತ್ತಾರೆ. ಐದು ನಿಮಿಷವೆಂದರೆ ಅನ್ಯಾಯವೆಂದು ಯುರೋಪಿನವರು ಗೊಣಗುವುದುಂಟು. ತಿರುಪತಿಯಲ್ಲಿ "ಜರಗಂಡಿ, ಜರಗಂಡಿ" ಎಂಬ ಕೂಗಿಗೆ ಬೆನ್ನು ಕೊಟ್ಟು ಕ್ಷಣಾರ್ಧದಲ್ಲಿ ದರ್ಶನ ಮುಗಿಸಿದ ನಮ್ಮಂಥವರಿಗೆ ಐದು ನಿಮಿಷ ಧಾರಾಳವೆನಿಸುತ್ತದೆ. ತಿರುಪತಿಯಲ್ಲಾದರೂ ನೋಡಬೇಕಾದದ್ದು ಎದುರಿಗೇ ಇರುತ್ತದೆ, ಇಲ್ಲಿ ಅದು ನೆತ್ತಿಯ ಮೇಲಿದೆ.

ಗಾಲ್ಲಾ ಪ್ಲಾಚಿದಿಯಾ ಒಬ್ಬ ಚಕ್ರವರ್ತಿಯ ಮಗಳು, ಇನ್ನೊಬ್ಬನ ತಂಗಿ, ಮತ್ತೊಬ್ಬನ ತಾಯಿ. 410ರಲ್ಲಿ ರೋಮ್ ಸೂರೆಯಾದಾಗ ಗಾಥರ ಇನ್ನೊಂದು ಶಾಖೆಯಾದ ವಿಸಿಗಾಥರು ಅವಳನ್ನು ಸೆರೆಯಾಗಿ ಒಯ್ದರು. ಅವರ ದೊರೆಯನ್ನೇ ಮದುವೆಯಾಗಿ, ವಿಧವೆಯಾಗಿ, ಹಿಂದಿರುಗಿ, ಎರಡನೆಯ ಮದುವೆಯಾಗಿ, ಕೊನೆಗೆ ಎಳೆಯ ಮಗನ ಹೆಸರಿನಲ್ಲಿ ಸಾಮ್ರಾಜ್ಯವನ್ನು ನಡೆಸಿದಳು. 450ರಲ್ಲಿ ಅವಳು ತೀರಿಕೊಂಡದ್ದು ರೋಮ್‌ನಲ್ಲಿ. ಆದ್ದರಿಂದ ಅವಳ ಹೆಸರಿನ ಈ ಕಟ್ಟಡದೊಳಗೆ ಮೂರು ಕಲ್ಲಿನ ಶವಪೆಟ್ಟಿಗೆಗಳಿದ್ದರೂ ಅವಳು ಇಲ್ಲಿ ಮಲಗಿರುವುದು ಅನುಮಾನವೇ.

ಒಳಗೆ ಕಾಲಿಟ್ಟ ಮೊದಲ ಅರ್ಧ ನಿಮಿಷ ಏನೂ ಕಾಣುವುದಿಲ್ಲ. ಕಿಟಕಿಗಳಿಗೆ ಗಾಜಿನ ಬದಲು ತೆಳುವಾದ ಅಲಬಾಸ್ಟರ್ ಕಲ್ಲಿನ ಹಲಗೆಗಳನ್ನು ಕೂರಿಸಿದ್ದಾರೆ. ಅವುಗಳಿಂದ ಬರುವ ಬೆಳಕು ಜೇನಿನ ಬಣ್ಣದ್ದು, ಅದೂ ತುಸುವೇ. ಈ ಅರ್ಧ ನಿಮಿಷದಲ್ಲಿ ಬಹಳಷ್ಟು ಜನ ಮೊಬೈಲ್ ಎತ್ತಿ ಫೋಟೋ ತೆಗೆಯತೊಡಗುತ್ತಾರೆ. ಪರದೆಯ ಬೆಳಕು ಕಣ್ಣಿಗೆ ಬಿದ್ದು, ಕತ್ತಲೆಗೆ ಹೊಂದಿಕೊಳ್ಳುತ್ತಿದ್ದ ಕಣ್ಣು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನಾವು ಮೊಬೈಲ್‌ಗಳನ್ನು ಚೀಲದಲ್ಲಿಟ್ಟು, ಬಾಗಿಲಿನ ಬಲಕ್ಕೆ ಗೋಡೆಯ ಪಕ್ಕದಲ್ಲಿ ಸುಮ್ಮನೆ ನಿಂತೆವು. ಮೊದಲು ತೋರಿದ್ದು ನೀಲಿ. ಆಮೇಲೆ ಆ ನೀಲಿಯಲ್ಲಿ ಒಂದೊಂದಾಗಿ ಚಿನ್ನದ ನಕ್ಷತ್ರಗಳು. ಐನೂರಕ್ಕೂ ಹೆಚ್ಚು ನಕ್ಷತ್ರಗಳು ವೃತ್ತದೊಳಗೆ ವೃತ್ತವಾಗಿ ಜೋಡಿಸಿ ನಿಂತಿವೆ; ನಡುವಿನ ಶಿಲುಬೆಯತ್ತ ಸಾಗಿದಂತೆ ಅವು ಕಿರಿದಾಗುತ್ತವೆ, ಹಾಗಾಗಿ ಕಮಾನು ಇದ್ದದ್ದಕ್ಕಿಂತ ಹೆಚ್ಚು ಎತ್ತರವಾಗಿ ತೋರುತ್ತದೆ. ಅದರ ಕೆಳಗೆ ನೀರಿನ ಬಟ್ಟಲಿನ ಅಂಚಿನಲ್ಲಿ ಕುಳಿತ ಎರಡು ಪಾರಿವಾಳಗಳು. ಬಾಗಿಲ ಮೇಲ್ಗಡೆ ಕುರಿಗಳ ನಡುವೆ ಕುಳಿತ, ಇನ್ನೂ ಗಡ್ಡ ಬಾರದ ಹುಡುಗನಂಥ ಯೇಸು. ಎದುರು ಗೋಡೆಯಲ್ಲಿ ಬಾಗಿಲು ತೆರೆದ ಒಂದು ಕಪಾಟು, ಅದರಲ್ಲಿ ನಾಲ್ಕು ಸುವಾರ್ತೆಗಳ ನಾಲ್ಕು ಪುಸ್ತಕಗಳು. ಪಕ್ಕದಲ್ಲಿ ಕಬ್ಬಿಣದ ಜಾಲರಿಯ ಕೆಳಗೆ ಉರಿಯುವ ಬೆಂಕಿ, ಅದರತ್ತ ಶಿಲುಬೆ ಹೊತ್ತು ನಡೆದುಬರುತ್ತಿರುವ ಒಬ್ಬ ಹುತಾತ್ಮ.

ಈ ಗಾಜಿನ ಕೆಲಸ ಹೊಳೆಯುವ ಬಗೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅದು ತಿಳಿದರೆ ಎಲ್ಲಿ ನಿಂತು ನೋಡಬೇಕೆಂಬುದು ತಿಳಿಯುತ್ತದೆ. ಚಿನ್ನದ ಚೂರು ಅಂದರೆ ಚಿನ್ನವಲ್ಲ. ಎರಡು ಗಾಜಿನ ಪದರಗಳ ನಡುವೆ ಹಿಡಿದಿಟ್ಟ ಚಿನ್ನದ ರೇಕು. ಆ ಚೂರುಗಳನ್ನು ಹಸಿ ಸುಣ್ಣದ ಗಾರೆಗೆ ಒತ್ತುವಾಗ ಕುಶಲಕರ್ಮಿಗಳು ಸಮತಟ್ಟಾಗಿ ಕೂರಿಸದೆ ಒಂದೊಂದನ್ನು ಒಂದೊಂದು ಕಡೆಗೆ ತುಸು ಓರೆಯಾಗಿ ಕೂರಿಸುತ್ತಿದ್ದರು. ಹಾಗಾಗಿ ನಾವು ಎರಡು ಹೆಜ್ಜೆ ಆಚೀಚೆ ಸರಿದರೆ ಒಂದಷ್ಟು ಚೂರುಗಳು ಆರುತ್ತವೆ, ಬೇರೆ ಒಂದಷ್ಟು ಹೊತ್ತಿಕೊಳ್ಳುತ್ತವೆ. ಅಮ್ಮ ತಮ್ಮ ಪ್ರಾಯದಲ್ಲಿ ಮೈಸೂರು ಶೈಲಿಯ ಚಿತ್ರಕಲೆಯನ್ನು ಎರಡು ವರ್ಷ ಕಲಿತವರು. ದೇವರ ಕಿರೀಟಕ್ಕೆ ಸಫೇದದ ಉಬ್ಬುಕೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕನ್ನು ಉಸಿರು ಬಿಗಿಹಿಡಿದು ಅಂಟಿಸಿದ ಕೈ ಅದು. ಅವರು ಹೊರಗೆ ಬಂದ ಮೇಲೆ ಹೇಳಿದ ಮಾತು ಇಷ್ಟೇ: "ನಮ್ಮಲ್ಲಿ ರೇಕು ಗಾಳಿಗೆ ಹಾರಿಹೋಗದಿದ್ದರೆ ಸಾಕು ಅಂತ ಒದ್ದಾಡುತ್ತಿದ್ದೆವು. ಇವರು ಗಾಜಿನೊಳಗೇ ಮುಚ್ಚಿಟ್ಟುಬಿಟ್ಟಿದ್ದಾರಲ್ಲೇ!" ಸಾವಿರದ ಐನೂರು ವರ್ಷ ಬಣ್ಣ ಮಾಸದ ಗುಟ್ಟಿಗೆ ಇದಕ್ಕಿಂತ ಚಿಕ್ಕ ವಿವರಣೆ ನನಗೆ ಯಾವ ಫಲಕದಲ್ಲೂ ಸಿಗಲಿಲ್ಲ.

ಅದೇ ಆವರಣದ ಹುಲ್ಲುಹಾಸನ್ನು ದಾಟಿದರೆ ಸಾನ್ ವಿತಾಲೆ. ಎಂಟು ಮೂಲೆಯ ಕಟ್ಟಡ. ಹೊರಗೆ ಇದೂ ಬರಿಯ ಇಟ್ಟಿಗೆ. ಕಟ್ಟುವ ವೆಚ್ಚ ಇಪ್ಪತ್ತಾರು ಸಾವಿರ ಚಿನ್ನದ ನಾಣ್ಯ, ಕೊಟ್ಟವನು ಜೂಲಿಯಾನಸ್ ಅರ್ಜೆಂಟೇರಿಯಸ್ ಎಂಬ ಹಣವಂತ ಎಂದು ಹಳೆಯ ದಾಖಲೆ ಹೇಳುತ್ತದೆ. ಗುಮ್ಮಟದ ಭಾರ ಕಡಿಮೆಯಾಗಲೆಂದು ಒಂದರೊಳಗೊಂದು ಸಿಕ್ಕಿಸಿದ ಟೊಳ್ಳಾದ ಸುಟ್ಟಮಣ್ಣಿನ ಕೊಳವೆಗಳಿಂದ ಅದನ್ನು ಕಟ್ಟಿದ್ದಾರೆ. ಒಳಗೆ ಹೋದವರ ಕಣ್ಣು ಸಹಜವಾಗಿ ಮೊದಲು ಗುಮ್ಮಟಕ್ಕೇ ಹೋಗುತ್ತದೆ, ಅಲ್ಲಿ ಕಾಣುವುದು ಹದಿನೆಂಟನೆಯ ಶತಮಾನದಲ್ಲಿ ಬರೆದ ಗುಲಾಬಿ ಬಣ್ಣದ ಮೋಡಗಳು ಮತ್ತು ಹಾರುವ ದೇವದೂತರು. ಅದು ಕೆಟ್ಟ ಚಿತ್ರವಲ್ಲದಿರಬಹುದು, ಆದರೆ ಈ ಗೋಡೆಗಳ ಮೇಲೆ ಅದನ್ನು ಕಂಡಾಗ ಹಳೆಯ ದೇವಸ್ಥಾನದ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿದದ್ದನ್ನು ಕಂಡಂತೆ ನನಗೆ ಕಸಿವಿಸಿಯಾಯಿತು. ಅಲ್ಲಿಂದ ಕಣ್ಣು ತೆಗೆದು ಬಲಿಪೀಠದ ಕಡೆಗೆ ನಡೆಯುವುದು ಒಳ್ಳೆಯದು.

ಬಲಿಪೀಠದ ಹಿಂದಿನ ಅರ್ಧವೃತ್ತದ ಎಡಗೋಡೆಯಲ್ಲಿ ಚಕ್ರವರ್ತಿ ಜಸ್ಟಿನಿಯನ್, ಬಲಗೋಡೆಯಲ್ಲಿ ರಾಣಿ ಥಿಯೊಡೊರಾ. ಇಬ್ಬರೂ ರವೆನ್ನಾಕ್ಕೆ ಒಮ್ಮೆಯೂ ಬಂದವರಲ್ಲ. ಗೆದ್ದ ಊರಿನಲ್ಲಿ ತಮ್ಮ ಬದಲಿಗೆ ಚಿತ್ರವನ್ನು ನಿಲ್ಲಿಸಿದರು. ಜಸ್ಟಿನಿಯನ್‌ನ ಕೈಯಲ್ಲಿ ಚಿನ್ನದ ತಟ್ಟೆ, ಒಂದು ಪಕ್ಕದಲ್ಲಿ ಸೈನಿಕರು, ಇನ್ನೊಂದು ಪಕ್ಕದಲ್ಲಿ ಪಾದ್ರಿಗಳು. ಹೆಸರು ಬರೆದಿರುವುದು ಒಬ್ಬನ ತಲೆಯ ಮೇಲೆ ಮಾತ್ರ: ಮ್ಯಾಕ್ಸಿಮಿಯನಸ್, ಈ ಚರ್ಚನ್ನು ಪ್ರತಿಷ್ಠಾಪಿಸಿದ ಬಿಷಪ್. ಚಕ್ರವರ್ತಿಯನ್ನು ಹೆಸರು ಹೇಳದೆಯೂ ಗುರುತಿಸುತ್ತಾರೆ, ನನ್ನನ್ನು ಗುರುತಿಸದೆ ಬಿಟ್ಟಾರು ಎಂಬ ಅಳುಕೋ ಏನೋ. ಊರಿನ ಜೀರ್ಣೋದ್ಧಾರ ಸಮಿತಿಯವರ ಫಲಕಗಳನ್ನು ಓದಿ ಅಭ್ಯಾಸವಿರುವ ನಮಗೆ ಆ ಮನುಷ್ಯ ತಕ್ಷಣ ಪರಿಚಿತನಾಗುತ್ತಾನೆ. ಪಾದಗಳನ್ನು ಗಮನಿಸಿ: ಯಾರ ಕಾಲು ಯಾರ ಮುಂದಿದೆ ಎಂಬುದು ತಿಳಿಯದಂತೆ ಎಲ್ಲರೂ ನೆಲಕ್ಕೆ ತಾಗಿಯೂ ತಾಗದಂತೆ ತೇಲುತ್ತಿದ್ದಾರೆ.

ಎದುರಿನ ಥಿಯೊಡೊರಾ ನನ್ನ ಮಟ್ಟಿಗೆ ಇಡೀ ಊರಿನ ಅತ್ಯುತ್ತಮ ಕೆಲಸ. ಕರಡಿ ಸಾಕುವವನ ಮಗಳಾಗಿ ಹುಟ್ಟಿ, ರಂಗದ ಮೇಲೆ ಕುಣಿದು, ಸಾಮ್ರಾಜ್ಞಿಯಾದವಳು ಎಂದು ಅವಳ ಕಾಲದ ಚರಿತ್ರೆಕಾರ ಪ್ರೊಕೋಪಿಯಸ್ ಬರೆದಿದ್ದಾನೆ, ಅದೂ ಹಗೆಯಿಂದ. ಇಲ್ಲಿ ಅವಳು ಕಿವಿಯಿಂದ ಎದೆಯವರೆಗೆ ಇಳಿಬಿದ್ದ ಮುತ್ತಿನ ಸರಗಳ ನಡುವೆ, ತೆಳ್ಳಗಿನ ಮುಖದಲ್ಲಿ ದೊಡ್ಡ ಕಣ್ಣುಗಳನ್ನು ತೆರೆದು ನೆಟ್ಟನೆ ನೋಡುತ್ತಿದ್ದಾಳೆ. ಈ ಚಿತ್ರ ಸಿದ್ಧವಾದ ಸ್ವಲ್ಪ ಕಾಲಕ್ಕೇ, 548ರಲ್ಲಿ, ಅವಳು ತೀರಿಕೊಂಡಳು. ಅವಳ ಕಡುನೇರಳೆ ಮೇಲುಡುಗೆಯ ಕೆಳಅಂಚಿನಲ್ಲಿ ಕಾಣಿಕೆ ಹಿಡಿದು ಬಾಗಿರುವ ಮೂವರು ಜ್ಞಾನಿಗಳ (ಎಳೆಯ ಯೇಸುವನ್ನು ನೋಡಲು ಪೂರ್ವದಿಂದ ಬಂದವರು) ಕಸೂತಿ ಇದೆ, ಬಲಗೋಡೆಯ ಹತ್ತಿರಕ್ಕೆ ಹೋಗಿ ನಿಂತರೆ ಕಾಣುತ್ತದೆ. ಜೊತೆಯ ಹೆಂಗಸರ ಬಟ್ಟೆಗಳ ವಿನ್ಯಾಸ ಒಂದಕ್ಕಿಂತ ಒಂದು ಬೇರೆ. ಎಡತುದಿಯಲ್ಲಿ ಒಬ್ಬ ಪರಿಚಾರಕ ಬಾಗಿಲ ಪರದೆಯನ್ನು ಸರಿಸಿ ಹಿಡಿದಿದ್ದಾನೆ, ಅವನ ಮುಂದೆ ಒಂದು ಪುಟ್ಟ ಕಾರಂಜಿ ಚಿಮ್ಮುತ್ತಿದೆ. ಸಾನ್ ವಿತಾಲೆಯಲ್ಲಿ ಸಮಯದ ಮಿತಿಯಿಲ್ಲ. ಗಾಲ್ಲಾ ಪ್ಲಾಚಿದಿಯಾದ ವೇಳೆ ಬರುವವರೆಗೂ ಇಲ್ಲಿ ಕುಳಿತಿದ್ದು, ಅದನ್ನು ಮುಗಿಸಿಕೊಂಡು ಊಟಕ್ಕೆ ಹೋಗುವ ಜನ ಹೆಚ್ಚು. ನನ್ನ ಸಲಹೆ ತಿರುಗಾಮುರುಗಾ: ದಿನದ ಮೊದಲ ವೇಳೆಗೆ ಗಾಲ್ಲಾ ಪ್ಲಾಚಿದಿಯಾವನ್ನು ಕಾಯ್ದಿರಿಸಿ, ಕತ್ತಲೆಗೆ ಕಣ್ಣು ಪಳಗಿದ ಮೇಲೆ ಸಾನ್ ವಿತಾಲೆಗೆ ಬನ್ನಿ. ಮೊದಲ ಸಲ ಬಿಸಿಲಿನಿಂದ ನೇರವಾಗಿ ಒಳಗೆ ನುಗ್ಗಿದ್ದ ನನಗೆ ಬಣ್ಣಗಳು ಕಂಡಿದ್ದವು, ಮುಖಗಳು ಕಂಡಿರಲಿಲ್ಲ.

ಸಾಂತ್ ಅಪೊಲ್ಲಿನಾರೆ ನುವೊವೊ ಅಲ್ಲಿಂದ ಹದಿನೈದು ನಿಮಿಷದ ನಡಿಗೆ. ಥಿಯೊಡೊರಿಕ್ ತನ್ನ ಅರಮನೆಗಾಗಿ ಕಟ್ಟಿಸಿದ ಉದ್ದನೆಯ ಚರ್ಚು. ಎರಡೂ ಬದಿಯ ಕಂಬಸಾಲುಗಳ ಮೇಲೆ ಗೋಡೆಯುದ್ದಕ್ಕೂ ಮೆರವಣಿಗೆ: ಒಂದು ಕಡೆ ಇಪ್ಪತ್ತಾರು ಹುತಾತ್ಮರು, ಇನ್ನೊಂದು ಕಡೆ ಇಪ್ಪತ್ತೆರಡು ಕನ್ಯೆಯರು, ಅವರ ಮುಂದೆ, ಚಿರತೆಯ ಚುಕ್ಕೆಗಳಂಥ ವಿನ್ಯಾಸದ ಬಿಗಿ ಚಲ್ಲಣ ತೊಟ್ಟ ಮೂವರು ಜ್ಞಾನಿಗಳು ಓಡುನಡಿಗೆಯಲ್ಲಿ ಸಾಗಿದ್ದಾರೆ. ಚೆಲುವಾಗಿದೆ, ಆದರೆ ಹತ್ತು ಮುಖಗಳಾದ ಮೇಲೆ ಕಣ್ಣು ದಣಿಯುತ್ತದೆ. ನೋಡಲೇಬೇಕಾದದ್ದು ಬಾಗಿಲಿನ ಹತ್ತಿರ ಬಲಗೋಡೆಯಲ್ಲಿರುವ ಅರಮನೆಯ ಚಿತ್ರ. ಥಿಯೊಡೊರಿಕ್ ಏರಿಯನ್ ಪಂಥದವನು. ಯೇಸು ತಂದೆಗೆ ಸಮಾನನಲ್ಲ ಎನ್ನುವ ಪಂಥ ಅದು. ಅವನ ಕಾಲ ಮುಗಿದು ಬೈಜಾಂಟಿಯಂನವರ ಆಡಳಿತ ಬಂದ ಮೇಲೆ, ಬಿಷಪ್ ಅಗ್ನೆಲ್ಲಸ್ ಈ ಚರ್ಚನ್ನು ಶುದ್ಧಿಮಾಡಿಸುವಾಗ, ಕಂಬಗಳ ನಡುವೆ ನಿಂತಿದ್ದ ದೊರೆ ಮತ್ತು ಆಸ್ಥಾನಿಕರ ಚಿತ್ರಗಳನ್ನು ಕೀಳಿಸಿ, ಆ ಜಾಗದಲ್ಲಿ ಪರದೆಗಳನ್ನು ತುಂಬಿಸಿದ. ಕೆಲಸದವರು ಮೈಯನ್ನು ತೆಗೆದರು, ಕೈಗಳನ್ನು ಪೂರ್ತಿ ತೆಗೆಯಲಿಲ್ಲ. ಬಿಳಿಯ ಕಂಬಗಳ ಮೇಲೆ ಇಂದಿಗೂ ಅಲ್ಲೊಂದು ಇಲ್ಲೊಂದು ಕೈ, ಮುಂಗೈಯವರೆಗೆ ಮಾತ್ರ, ಪರದೆಯ ಹಿಂದಿನಿಂದ ಯಾರೋ ಚಾಚಿದಂತೆ ಉಳಿದಿದೆ. ಚರ್ಚಿನೊಳಗೆ ಇದನ್ನು ತೋರಿಸುವ ಫಲಕ ಎದ್ದು ಕಾಣುವಂತೆ ಇಲ್ಲ. ನಾನು ಓದಿಕೊಂಡು ಹೋಗಿದ್ದರಿಂದ ಅಮ್ಮನಿಗೆ ತೋರಿಸಿದೆ. ಅವರು ಎರಡು ಕೈಗಳನ್ನು ನಾನು ಹೇಳುವ ಮೊದಲೇ ಕಂಡುಹಿಡಿದು, "ಕಂಬ ಕೆಡುತ್ತೆ ಅಂತ ಬಿಟ್ಟಿದ್ದಾರೆ ಕಣೇ" ಎಂದರು. ಪರದೆಗಳನ್ನು ತುಂಬಿದವರು ಕಂಬದ ಬಿಳಿಯನ್ನು ಹೊಸದಾಗಿ ಹೊಂದಿಸುವ ಗೋಜಿಗೆ ಹೋಗಲಿಲ್ಲ ಎಂಬ ಆ ಊಹೆಯೇ ನನಗೂ ಸರಿಯೆನಿಸುತ್ತದೆ.

ಆರ್ಚ್‌ಬಿಷಪ್ಪರ ವಸ್ತುಸಂಗ್ರಹಾಲಯವನ್ನು ಅರ್ಧ ಗಂಟೆಯಲ್ಲಿ ಮುಗಿಸಬಹುದು. ಬಿಷಪ್ ಮ್ಯಾಕ್ಸಿಮಿಯನಸ್‌ನ ದಂತದ ಪೀಠ ಅಲ್ಲಿದೆ. ಆರನೆಯ ಶತಮಾನದ್ದು, ಮೈಯೆಲ್ಲ ಸಣ್ಣ ಕೆತ್ತನೆ, ದಂತದ ಕೆಲಸ ನೋಡಿ ಬೆಳೆದ ಮೈಸೂರಿನವರು ಅದರ ಅಂಚಿನ ಬಳ್ಳಿ ಮತ್ತು ಪ್ರಾಣಿಗಳ ಮುಂದೆ ನಿಲ್ಲದೆ ಹೋಗಲಾರರು. ಸಂತ ಆಂಡ್ರ್ಯೂನ ಮಂದಿರದ ಮುಂಗೋಣೆಯಲ್ಲಿ ಹಕ್ಕಿಗಳ ಚಾವಣಿಯ ಕೆಳಗೆ ಒಂದು ಲ್ಯಾಟಿನ್ ಪದ್ಯವಿದೆ, ಅದರ ಮೊದಲ ಸಾಲಿನ ಅರ್ಥ ಹೀಗೆ: ಬೆಳಕು ಹುಟ್ಟಿದ್ದು ಇಲ್ಲಿಯೇ, ಇಲ್ಲವೇ ಸೆರೆಸಿಕ್ಕ ಬೆಳಕು ಇಲ್ಲಿ ಸ್ವತಂತ್ರವಾಗಿ ಆಳುತ್ತಿದೆ. ನಿಯೊನಿಯನ್ ದೀಕ್ಷಾಗೃಹಕ್ಕೂ ವೇಳೆ ಕಾಯ್ದಿರಿಸಬೇಕು. ಊರಿನ ನೆಲ ಶತಮಾನಗಳಿಂದ ಕುಸಿಯುತ್ತ ಬಂದದ್ದರಿಂದ ಅದರ ಮೂಲ ನೆಲಗಟ್ಟು ಇಂದಿನ ರಸ್ತೆಗಿಂತ ಸುಮಾರು ಮೂರು ಮೀಟರ್ ಕೆಳಗಿದೆ. ನಾವು ನಿಲ್ಲುವುದು ಎತ್ತರಿಸಿದ ನೆಲದ ಮೇಲೆ, ಆದ್ದರಿಂದ ಚಾವಣಿ ನಿರೀಕ್ಷೆಗಿಂತ ಹತ್ತಿರವಾಗಿದೆ. ನಡುವೆ ಯೇಸುವಿನ ಸ್ನಾನದೀಕ್ಷೆ, ಪಕ್ಕದಲ್ಲಿ ಜೋರ್ಡನ್ ನದಿಯೇ ಮುದುಕನ ರೂಪದಲ್ಲಿ ನೀರಿನಿಂದೆದ್ದು ಒರೆಸುವ ವಸ್ತ್ರವನ್ನು ಹಿಡಿದು ನಿಂತಿದೆ. ಯೇಸುವಿನ ತಲೆ ಹತ್ತೊಂಬತ್ತನೆಯ ಶತಮಾನದ ರಿಪೇರಿಯದು, ಅದು ಸುತ್ತಲಿನ ಕೆಲಸಕ್ಕೆ ಹೊಂದುವುದಿಲ್ಲ ಎಂಬುದನ್ನು ಹೇಳಿಸಿಕೊಳ್ಳದೆಯೇ ಕಂಡುಕೊಳ್ಳಬಹುದು. ಇದೇ ದೃಶ್ಯವನ್ನು ಥಿಯೊಡೊರಿಕ್‌ನ ಕಾಲದವರು ಏರಿಯನ್ ದೀಕ್ಷಾಗೃಹದಲ್ಲಿ ಮತ್ತೆ ಮಾಡಿದ್ದಾರೆ. ಅಲ್ಲಿ ಗೋಡೆಗಳು ಬೋಳು, ಚಾವಣಿಯೊಂದೇ ಉಳಿದಿದೆ.

ಟಿಕೆಟ್ಟಿನ ಹೊರಗಿನ ಇನ್ನೆರಡರಲ್ಲಿ ಥಿಯೊಡೊರಿಕ್‌ನ ಸಮಾಧಿ ರೈಲುನಿಲ್ದಾಣದ ಆಚೆಗೆ ಒಂದು ಉದ್ಯಾನದ ನಡುವೆ ಇದೆ. ಹತ್ತು ಮೂಲೆಯ, ಗಾರೆಯಿಲ್ಲದೆ ಜೋಡಿಸಿದ ಇಸ್ಟ್ರಿಯಾದ ಬಿಳಿಗಲ್ಲಿನ ಕಟ್ಟಡ. ಮೇಲೆ ಹತ್ತು ಮೀಟರಿಗೂ ಮಿಕ್ಕಿ ಅಗಲದ, ಇನ್ನೂರು ಟನ್ನಿಗೂ ಹೆಚ್ಚು ತೂಕದ ಏಕಶಿಲೆಯ ಮುಚ್ಚಳ. ಆ ಕಲ್ಲನ್ನು ಕಡಲಿನಾಚೆಯಿಂದ ತಂದು ಮೇಲೇರಿಸಿದ ಸಾಹಸವನ್ನು ಬಿಟ್ಟರೆ ಒಳಗೆ ಖಾಲಿ ಕೋಣೆ, ಒಂದು ಕೆಂಪು ಪೊರ್ಫಿರಿ ಕಲ್ಲಿನ ತೊಟ್ಟಿ, ಇಷ್ಟೇ. ಸಮಯ ಕಡಿಮೆಯಿದ್ದವರು ಇದನ್ನು ಬಿಡಬಹುದು, ಕ್ಲಾಸ್ಸೆಯನ್ನು ಬಿಡಬಾರದು. ಊರಿನಿಂದ ಕೆಲವೇ ಕಿಲೋಮೀಟರ್, ಸಿಟಿ ಬಸ್ಸೂ ಇದೆ, ರೈಲಿನಲ್ಲಿ ಮುಂದಿನ ಸ್ಟೇಷನ್ನೂ ಅದೇ. ಹಿಂದೆ ರೋಮನ್ ನೌಕಾಪಡೆಯ ಬಂದರಾಗಿದ್ದ ಜಾಗ, ಈಗ ಹೊಲಗಳ ನಡುವೆ ಒಂಟಿಯಾಗಿ ನಿಂತ, 549ರಲ್ಲಿ ಪ್ರತಿಷ್ಠೆಯಾದ ಚರ್ಚು. ಒಳಗೆ ಅರ್ಧಗುಮ್ಮಟದ ತುಂಬ ಹಸಿರು: ಪೈನ್ ಮರ, ಹೂಗಿಡ, ಬಂಡೆ, ಹಕ್ಕಿ, ಸಾಲಾಗಿ ಬಿಳಿಯ ಕುರಿಗಳು, ಮೇಲೆ ನೀಲಿಯ ಬಿಲ್ಲೆಯಲ್ಲಿ ತೊಂಬತ್ತೊಂಬತ್ತು ನಕ್ಷತ್ರಗಳ ನಡುವೆ ರತ್ನಖಚಿತ ಶಿಲುಬೆ. ಕಿಟಕಿಗಳು ದೊಡ್ಡವು, ಬೆಳಕು ಧಾರಾಳ, ಜನ ವಿರಳ. ಕತ್ತು ನೋಯಿಸಿಕೊಳ್ಳದೆ ಕುರ್ಚಿಯ ಮೇಲೆ ಕುಳಿತು ನೋಡಬಹುದಾದ ಮೊಸಾಯಿಕ್ ಇದೊಂದೇ ಎಂದು ಅಮ್ಮ ಇದಕ್ಕೆ ಮೊದಲ ಅಂಕ ಕೊಟ್ಟರು.

ಹಣ ಕೊಡದೆ ನೋಡಬಹುದಾದದ್ದು ಡಾಂಟೆಯ ಸಮಾಧಿ. ಫ್ಲಾರೆನ್ಸ್‌ನಿಂದ ಗಡಿಪಾರಾದ ಕವಿ 1321ರಲ್ಲಿ ತೀರಿಕೊಂಡದ್ದು ಇಲ್ಲಿ. ಫ್ಲಾರೆನ್ಸ್‌ನವರು ಆಮೇಲೆ ಎಲುಬುಗಳನ್ನು ಕೊಡಿ ಎಂದು ಮತ್ತೆ ಮತ್ತೆ ಕೇಳಿದರು. 1519ರಲ್ಲಿ ಪೋಪನ ಅಪ್ಪಣೆ ಹಿಡಿದು ಬಂದು ಪೆಟ್ಟಿಗೆ ತೆರೆದರೆ ಅದು ಖಾಲಿ. ಪಕ್ಕದ ಮಠದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಗೋಡೆಗೆ ಕಿಂಡಿ ಕೊರೆದು ಎಲುಬುಗಳನ್ನು ಮೊದಲೇ ಒಯ್ದು ಬಚ್ಚಿಟ್ಟಿದ್ದರು. ಅವು ಮತ್ತೆ ಸಿಕ್ಕಿದ್ದು 1865ರಲ್ಲಿ, ಗೋಡೆಯ ಕೆಲಸ ಮಾಡುವಾಗ, ಒಂದು ಮರದ ಪೆಟ್ಟಿಗೆಯಲ್ಲಿ. ಈಗಿನ ಪುಟ್ಟ ಬಿಳಿಯ ಮಂಟಪ ಹದಿನೆಂಟನೆಯ ಶತಮಾನದ ಕೊನೆಯದು. ಊರವರು ಅದನ್ನು ಸಕ್ಕರೆ ಡಬ್ಬಿ ಎಂದು ತಮಾಷೆ ಮಾಡುತ್ತಾರೆ. ಒಳಗಿನ ದೀಪಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ ಎಣ್ಣೆ ಬರುವುದು ಫ್ಲಾರೆನ್ಸ್‌ನಿಂದ, ಪ್ರಾಯಶ್ಚಿತ್ತವೆಂಬಂತೆ. ನಾವು ಹೋದ ಸಂಜೆ ಒಬ್ಬ ಹಿರಿಯರು ಮಂಟಪದ ಮುಂದೆ ನಿಂತು ಅವನ ಕಾವ್ಯದ ಒಂದು ಸರ್ಗವನ್ನು ಗಟ್ಟಿಯಾಗಿ ಓದಿದರು. ಭಾಷೆ ಅರ್ಥವಾಗದಿದ್ದರೂ ಮೂರು ಸಾಲಿನ ಲಯ ಕಿವಿಗೆ ಸಿಕ್ಕಿತು. ಗಮಕ ವಾಚನಕ್ಕೆ ಕುಳಿತು ಅಭ್ಯಾಸವಿದ್ದ ಅಮ್ಮ ತಲೆದೂಗುತ್ತ ಕೊನೆಯವರೆಗೂ ನಿಂತಿದ್ದರು.

ಅಲ್ಲೇ ಹತ್ತಿರದ ಸಾನ್ ಫ್ರಾಂಚೆಸ್ಕೊ ಚರ್ಚಿನ ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ನೀರು ನಿಂತಿದೆ. ಅಂತರ್ಜಲ ಏರಿ ಹಳೆಯ ಮೊಸಾಯಿಕ್ ನೆಲ ಮುಳುಗಿದೆ, ಅದರ ಮೇಲೆ ಚಿನ್ನದ ಮೀನುಗಳು ಈಜುತ್ತವೆ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹೊತ್ತುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಆರುತ್ತದೆ. ಚಿಲ್ಲರೆ ಇಟ್ಟುಕೊಂಡು ಹೋಗಿ, ಅಲ್ಲಿ ಬಿಡಿಸಿಕೊಡುವವರಿಲ್ಲ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಒಂದೆರಡು ಎಚ್ಚರಿಕೆ ವಹಿಸಬೇಕು. ಈ ಸೀಮೆಯ ಪ್ರಸಿದ್ಧ ತಿನಿಸು ಪಿಯಾದೀನಾ, ನೋಡಲು ನಮ್ಮ ದಪ್ಪ ಚಪಾತಿಯಂತೆ. ಆದರೆ ಸಾಂಪ್ರದಾಯಿಕವಾಗಿ ಹಿಟ್ಟಿಗೆ ಹಂದಿಯ ಕೊಬ್ಬು ಬೆರೆಸುತ್ತಾರೆ. ಆಲಿವ್ ಎಣ್ಣೆಯಲ್ಲಿ ಕಲಸಿದ್ದೂ ಸಿಗುತ್ತದೆ, ಕೇಳಿಯೇ ತಿನ್ನಬೇಕು. ಟೋಪಿಯಾಕಾರದ ಕಪ್ಪೆಲ್ಲೆತ್ತಿಯ ಒಳಗೆ ಇಲ್ಲಿ ಬರಿಯ ಚೀಸ್ ತುಂಬುವುದು ರೂಢಿ, ಆದರೆ ಅದನ್ನು ಬಡಿಸುವುದು ಮಾಂಸದ ಸಾರಿನಲ್ಲಿ. ಒಂದು ಹೋಟೆಲಿನಲ್ಲಿ ನಾವು ಸಸ್ಯಾಹಾರವೆಂದು ಎರಡು ಸಲ ಹೇಳಿದ ಮೇಲೂ ಅದೇ ಸಾರು ಬಂತು. ಸಾರಿನಲ್ಲಿ ತುಂಡು ಇಲ್ಲವಲ್ಲ ಎಂಬುದು ಅವರ ಸಮಾಧಾನ. ಕೊನೆಗೆ ಆಲಿವ್ ಎಣ್ಣೆಯ ಪಿಯಾದೀನಾ, ಮೆತ್ತನೆಯ ಸ್ಕ್ವಾಕ್ಕೆರೋನೆ ಚೀಸ್, ಅಂಜೂರದ ಮುರಬ್ಬ ನಮ್ಮನ್ನು ಎರಡು ದಿನ ಕಾಪಾಡಿದವು.

ಕೊರತೆಗಳೂ ಇವೆ. ವಿವರಣೆಯ ಫಲಕಗಳು ಯಾರು, ಯಾವಾಗ ಎಂಬಷ್ಟನ್ನೇ ಹೇಳುತ್ತವೆ. ಎಲ್ಲಿ ನಿಂತರೆ ಏನು ಕಾಣುತ್ತದೆ ಎಂಬುದನ್ನು ಹೇಳುವುದಿಲ್ಲ. ವೇಳೆ ಕಾಯುವವರು ಬಿಸಿಲಿನಲ್ಲಿ ನಿಲ್ಲಬೇಕು, ವಯಸ್ಸಾದವರಿಗೆ ಕುಳಿತುಕೊಳ್ಳುವ ಜಾಗ ಸಾಲದು. ಇಷ್ಟಾದರೂ ಮೊಣಕಾಲಿನ ತೊಂದರೆಯಿರುವ ಎಪ್ಪತ್ತರ ಹೆಂಗಸೊಬ್ಬರು ಏರಿಳಿತವಿಲ್ಲದೆ ನಡೆದು ನೋಡಬಹುದಾದ ಚಾರಿತ್ರಿಕ ಊರು ಇಟಲಿಯಲ್ಲಿ ನನಗೆ ಬೇರೆ ಸಿಕ್ಕಿಲ್ಲ. ನೆಲ ಅಂಗೈಯಷ್ಟು ಸಮ, ಊರವರೆಲ್ಲ ಸೈಕಲ್ಲಿನ ಮೇಲೆ, ಒಂದು ತಾಣದಿಂದ ಇನ್ನೊಂದಕ್ಕೆ ಹತ್ತು ಹದಿನೈದು ನಿಮಿಷ. ಐದಕ್ಕೆ ನಾಲ್ಕೂವರೆ ಅಂಕ. ಅರ್ಧ ಅಂಕ ಹಿಡಿದದ್ದು ನೆರಳಿಲ್ಲದ ಸರದಿಗೆ.

ಬೊಲೋನ್ಯಾದಿಂದ ಪ್ರಾದೇಶಿಕ ರೈಲು ಗಂಟೆಗೂ ತುಸು ಹೆಚ್ಚು ತೆಗೆದುಕೊಳ್ಳುತ್ತದೆ. ಕಾಗದದ ಟಿಕೆಟ್ಟು ಕೊಂಡಿದ್ದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸುವುದನ್ನು ಮರೆಯಬೇಡಿ. ಭುಜ ಮುಚ್ಚುವ ಬಟ್ಟೆಯಿರಲಿ, ಫ್ಲ್ಯಾಶ್ ಆರಿಸಿರಲಿ, ದೂರದ್ದನ್ನು ಹತ್ತಿರ ತೋರಿಸುವ ಸಣ್ಣ ದುರ್ಬೀನು ಸಿಕ್ಕರೆ ಚೀಲದಲ್ಲಿರಲಿ. ನಮ್ಮಲ್ಲಿ ದುರ್ಬೀನು ಇರಲಿಲ್ಲ. ಥಿಯೊಡೊರಾಳ ಉಡುಗೆಯ ಅಂಚನ್ನು ಅಮ್ಮ ನೋಡಿದ್ದು ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹೆಂಗಸೊಬ್ಬರು ತಮ್ಮದನ್ನು ತಾವಾಗಿಯೇ ಕೈಗೆ ಕೊಟ್ಟಾಗ.